ಚಂದ್ರಗಿರಿಯಿಂದ ಬೇಕಲದವರೆಗೆ ಕಡಲ ಬದಿ ನಡೆದದ್ದು

ಶುಕ್ರವಾರ

ಭಾವನ ಹತ್ರ ಒಂದು ಹಳೆ ಟೆಂಪೋ ಟ್ರಾವೆಲರ್ ಉಂಟು. ಮೊದಲು ಮದುವೆ ದಿಬ್ಬಣಕ್ಕೆ, ಶಬರಿಮಲೆ ಟ್ರಿಪ್ಪಿಗೆಲ್ಲ ಬಾಡಿಗೆಗೆ ಓಡ್ತಿದ್ದದ್ದು, ಕೊರೋನಾ ಟೈಮಲ್ಲಿ ಬಾಡಿಗೆ ಪೂರ ನಿಂತ ಮೇಲೆ ಅದರ ಸೀಟೆಲ್ಲ ಕಿತ್ತು ಒಳಗೆ ಎರಡು ಮಂಚ, ಮಡಚುವ ಮೇಜು, ಸಿಂಕು, ಗ್ಯಾಸ್ ಒಲೆ, ಮೇಲೆ ಸೋಲಾರ್ ಪ್ಯಾನೆಲ್, ಕೆಳಗೆ ನೀರಿನ ಟ್ಯಾಂಕಿ ಅಂತ ಒಂದೊಂದೇ ಜೋಡಿಸಿ, ಆರ್‌ಟಿಒ ಆಫೀಸಿಗೆ ಅಲೆದು ಆರ್‌ಸಿಯಲ್ಲೂ ಬದಲಾಯಿಸಿ ಈಗ ಅದನ್ನ ಕ್ಯಾರವಾನ್ ಅಂತ ಕರೀತಾರೆ. ಅಕ್ಕ ಮಾತ್ರ ಈಗ್ಲೂ ಅದಕ್ಕೆ 'ಗಾಡಿ' ಅಂತಲೇ ಹೇಳುದು. ಜನವರಿಯಲ್ಲಿ ರಜೆ ಹಾಕಿ ನಾನು ಮೈಸೂರಿಂದ ಬಂದೆ, ಅಕ್ಕ, ಭಾವ, ಅವರ ಮಗಳು ಮಂಗಳೂರಿಂದ, ಎಲ್ಲರೂ ಒಟ್ಟು ತೊಕ್ಕೊಟ್ಟಲ್ಲಿ ಹತ್ತಿ ಹೊರಟದ್ದು. ಪ್ಲಾನ್ ಸಿಂಪಲ್, ಕೇರಳ ಗಡಿಯ ತಲಪಾಡಿ ದಾಟುದು, ಕಡಲ ಬದಿಯಲ್ಲೇ ಕೆಳಗೆ ಹೋಗುದು, ಎಲ್ಲಿ ರಾತ್ರಿ ಆಗ್ತದೋ ಅಲ್ಲಿ ಯಾರದಾದ್ರೂ ಪರಿಚಯದವರ ಜಾಗದಲ್ಲಿ ಕೇಳಿ ನಿಲ್ಲಿಸುದು, ನಡುವಲ್ಲಿ ಒಂದು ದಿನ ಪೂರ್ತಿ ನಡೆಯುದು.

ತಲಪಾಡಿ ದಾಟಿದ ಕೂಡ್ಲೇ ಹೈವೇ ಅಗಲ ಆಗಿ ಹೋಗಿದೆ, ಆರು ಲೇನ್, ಎರಡೂ ಬದಿ ಗೋಡೆ, ಸರ್ವಿಸ್ ರೋಡ್. ಗಾಡಿ ಓಡಿಸುವವರಿಗೆ ಸ್ವರ್ಗ, ಆದ್ರೆ ಕಿಟಕಿ ಬದಿ ಕೂತವರಿಗೆ ಕಾಂಕ್ರೀಟ್ ಬಿಟ್ರೆ ಎಂತದೂ ಕಾಣುದಿಲ್ಲ. ನಾನು ಸಣ್ಣದಿರುವಾಗ ಪೆರ್ಲದಿಂದ ಬಸ್ಸಲ್ಲಿ ಮಂಗಳೂರಿಗೆ ಹೋಗುವಾಗ ಉಪ್ಪಳ ಸಂಕ, ಮಂಜೇಶ್ವರ ಸಂಕ ಎಲ್ಲ ಒಂದೊಂದೇ ಲೆಕ್ಕ ಹಾಕ್ಲಿಕ್ಕೆ ಆಗ್ತಿತ್ತು, ಈಗ ಹೊಳೆ ಬಂದದ್ದೂ ಹೋದದ್ದೂ ಗೊತ್ತಾಗುದಿಲ್ಲ. ಕೇರಳದ 44 ನದಿಗಳಲ್ಲಿ 12 ಈ ಕಾಸರಗೋಡು ಜಿಲ್ಲೆ ಒಂದರಲ್ಲೇ ಉಂಟು, ಅದರಲ್ಲಿ ಮಂಜೇಶ್ವರ ಹೊಳೆ ಬರೀ 16 ಕಿಲೋಮೀಟರ್, ಇಡೀ ರಾಜ್ಯದಲ್ಲೇ ಸಣ್ಣದು. ಹೈವೇಯಲ್ಲಿ ಅದನ್ನು ದಾಟ್ಲಿಕ್ಕೆ ಕೆಲವು ಸೆಕೆಂಡ್ ಸಾಕು.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಸ್ಮಾರಕಕ್ಕೆ ಹೋದೆವು. ಸೊಸೆಗೆ, ಅಂದ್ರೆ ಅಕ್ಕನ ಮಗಳಿಗೆ, ಅವರ ಹೆಸರು ಪಠ್ಯಪುಸ್ತಕದಲ್ಲಿ ಓದಿ ಗೊತ್ತು ಅಷ್ಟೆ. 1911ರಲ್ಲೇ ಪ್ರಾಸ ಬಿಟ್ಟು ಪದ್ಯ ಬರೆದ ಮನುಷ್ಯ, 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಬಿರುದು ಕೊಟ್ಟದ್ದು, ಅಂದ್ರೆ ಈ ಊರು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ, ಕೇರಳ ಅಂತ ರಾಜ್ಯವೇ ಇರ್ಲಿಲ್ಲ ಅಂತ ನಾನು ಹೇಳ್ತಾ ಹೋದದ್ದಕ್ಕೆ ಅವಳು "ಮಾವ, ನೀವು ಗೈಡ್ ಆಗ್ಬೋದಿತ್ತು" ಅಂದ್ಳು, ಹೊಗಳಿದ್ದಾ ತಮಾಷೆ ಮಾಡಿದ್ದಾ ಗೊತ್ತಾಗ್ಲಿಲ್ಲ.

ಕಣ್ವತೀರ್ಥಕ್ಕೆ ಗಾಡಿ ಹೋಗ್ಲಿಕ್ಕೆ ಸ್ವಲ್ಪ ಕಷ್ಟ ಆಯ್ತು. ಇಲ್ಲಿ ಕಡಲಿಗೆ ಹೋಗುವ ಎಲ್ಲಾ ದಾರಿಗೂ ನಡುವೆ ರೈಲ್ವೆ ಹಳಿ ಅಡ್ಡ ಉಂಟು, ಗೇಟ್ ಇದ್ರೆ ಬಚಾವ್, ಅಂಡರ್‌ಪಾಸ್ ಆದ್ರೆ ಎತ್ತರದ ಕಬ್ಬಿಣದ ಬಾರ್ ಹಾಕಿರ್ತಾರೆ. ನಮ್ಮ ಗಾಡಿ ಸೋಲಾರ್ ಪ್ಯಾನೆಲ್ ಸೇರಿ ಮೂರು ಮೀಟರ್ ಹತ್ರ. ಭಾವ ಇಳಿದು, ಬಾರ್ ನೋಡಿ, ಗಾಡಿ ನೋಡಿ, ಪುನಃ ಬಾರ್ ನೋಡಿ ರಿವರ್ಸ್ ತೆಗೆದ್ರು. ಈ ಟ್ರಿಪ್ಪಲ್ಲಿ ಇದು ತುಂಬ ಸಲ ಆಯ್ತು. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಟೂರಿಸಂ ಪಾಲಿಸಿ ಅಂತ ತಂದಿದೆ, ವಾಗಮಣ್‌ನಲ್ಲಿ ಪಾರ್ಕೂ ಆಗಿದೆ, ಒಳ್ಳೆ ವಿಷಯವೇ, ಆದ್ರೆ ಕಾಸರಗೋಡಿನ ಕಡಲ ಬದಿಯ ಓಣಿಗಳಿಗೆ ಆ ಪಾಲಿಸಿ ಓದಿ ಹೇಳಿದವರು ಯಾರೂ ಇದ್ದ ಹಾಗೆ ಕಾಣುದಿಲ್ಲ. ಎರಡು ಕಂಪೌಂಡಿನ ನಡುವೆ ಒಂದು ಆಟೋ ಹೋಗುವಷ್ಟು ಜಾಗ, ಮೇಲೆ ಕರೆಂಟ್ ವಯರು, ಅದರ ಮೇಲೆ ತೆಂಗಿನ ಮಡಲು.

ಸಂಜೆ ಕುಂಬಳೆ. ಹೊತ್ತಿದ್ದದ್ದರಿಂದ ಅನಂತಪುರ ದೇವಸ್ಥಾನಕ್ಕೂ ಹೋಗಿ ಬಂದೆವು, ಕೆರೆ ನಡುವೆ ಗುಡಿ, ಸುತ್ತ ಮುರಕಲ್ಲಿನ ಬಯಲು. ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಲ್ಲಿ ತೀರಿಹೋದ ಮೇಲೆ ಅಕ್ಕ ಬಂದದ್ದು ಇದೇ ಮೊದಲು, ಕೆರೆ ಬದಿ ನಿಂತು ಸುಮಾರು ಹೊತ್ತು ನೋಡಿದ್ರು. ರಾತ್ರಿ ಭಾವನ ಫ್ರೆಂಡಿನ ಮನೆ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದು. ಅವರು "ಒಳಗೆ ಬಂದು ಮಲಗಿ, ಇದೆಂತ ಅಂಗಳದಲ್ಲಿ" ಅಂತ ಎಷ್ಟು ಹೇಳಿದ್ರೂ ಭಾವ ಕೇಳ್ಲಿಲ್ಲ, ಖರ್ಚು ಮಾಡಿ ಮಂಚ ಮಾಡಿಸಿದ್ದು ಮತ್ತೆ ಯಾಕೆ ಅಂತ. ಊಟ ಮಾತ್ರ ಒಳಗೆ. ನೀರುದೋಸೆ, ಬಂಗುಡೆ ಪುಳಿಮುಂಚಿ. ಹತ್ತು ಗಂಟೆಗೆ ಎಲ್ಲರೂ ನಿದ್ದೆ.

ಶನಿವಾರ

ಈ ದಿನದ ಬಗ್ಗೆಯೇ ನಂಗೆ ಬರೆಯುದು ಜಾಸ್ತಿ ಇರುದು.

ನಡಿಗೆ ಎಲ್ಲಿಂದ ಎಲ್ಲಿಗೆ ಅಂತ ಮೊದಲೇ ಮ್ಯಾಪ್ ನೋಡಿ ಇಟ್ಟಿದ್ದೆ. ಚಂದ್ರಗಿರಿ ಹೊಳೆಯ ಅಳಿವೆಯ ದಕ್ಷಿಣ ಬದಿ ಕೀಳೂರು, ಅಲ್ಲಿಂದ ಚೆಂಬಿರಿಕೆ, ಕಪ್ಪಿಲ್, ಕೋಟಿಕುಳಂ, ತೃಕ್ಕನ್ನಾಡು, ಕೊನೆಗೆ ಬೇಕಲ ಕೋಟೆ. ಸುಮಾರು 11 ಕಿಲೋಮೀಟರ್, ಸುತ್ತು ಬಳಸು ಸೇರಿದ್ರೆ ಇನ್ನೂ ಒಂದು. ಇಲ್ಲಿ ಬೋರ್ಡ್ ಹಾಕಿದ ಟ್ರೇಲ್ ಎಂತದೂ ಕಾಣ್ಲಿಲ್ಲ, ಬಾಣದ ಗುರುತು ಇಲ್ಲ, ಕಡಲು ಬಲಕ್ಕೆ ಇಟ್ಕೊಂಡು ಹೋಗುದು, ಅಷ್ಟೆ. ಭಾವನಿಗೆ ಗಂಟು ನೋವು, ಅವರು ಗಾಡಿ ತೆಗೊಂಡು ಸ್ಟೇಟ್ ಹೈವೇಯಲ್ಲಿ ಮೇಲ್ಪರಂಬ, ಉದುಮ ದಾರಿಯಾಗಿ ಬೇಕಲಕ್ಕೆ ಹೋಗಿ ಕಾಯುದು ಅಂತ ಮಾತಾಯ್ತು.

ಒಂದು ವಿಷಯ ಇಲ್ಲಿಗೆ ಹೋಗುವವರಿಗೆ ಉಪಯೋಗ ಆಗ್ಬೋದು. ಈ ಕಡಲು ಪಶ್ಚಿಮಕ್ಕೆ ಮುಖ ಮಾಡಿರುದು, ಹಾಗಾಗಿ ಬೆಳಿಗ್ಗೆ ಸೂರ್ಯ ಬರುದು ತೆಂಗಿನ ತೋಟದ ಹಿಂದಿಂದ, ಒಂಬತ್ತು ಗಂಟೆವರೆಗೆ ಹೊಯಿಗೆ ಮೇಲೆ ಮರದ ನೆರಳು ಬಿದ್ದಿರ್ತದೆ. ಅಷ್ಟರಲ್ಲಿ ಎಷ್ಟು ನಡೆದ್ರೂ ಸುಸ್ತಾಗುದಿಲ್ಲ. ಮತ್ತೆ ನೀರು. ಉಬ್ಬರ ಇಳಿತದ ಹೊತ್ತು ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಮುಂದೆ ಹೋಗ್ತದೆ, ನಾವು ಹೋದ ದಿನ ಬೆಳಿಗ್ಗೆಯಿಂದ ನೀರು ಇಳೀತಾ ಇತ್ತು, ಮಧ್ಯಾಹ್ನದ ಹತ್ರಕ್ಕೆ ಪೂರ್ತಿ ಇಳಿತ. ಅದನ್ನು ನೋಡಿಯೇ ಶನಿವಾರ ಇಟ್ಟದ್ದು. ನೀರು ಇಳಿದ್ರೆ ಒದ್ದೆ ಹೊಯಿಗೆ ಸಿಗ್ತದೆ, ಒದ್ದೆ ಹೊಯಿಗೆ ಗಟ್ಟಿ, ಕಾಲು ಹೂಳುದಿಲ್ಲ. ಉಬ್ಬರದಲ್ಲಿ ಹೋದ್ರೆ ಒಣ ಹೊಯಿಗೆಯಲ್ಲಿ ಒಂದು ಕಿಲೋಮೀಟರ್ ನಡೆಯುವಾಗ ಮೀನಖಂಡ ಬಿಗಿದು ಹಿಡೀತದೆ, ಕೆಲವು ಕಡೆ ದಾರಿಯೇ ಇರುದಿಲ್ಲ.

ಆರೂವರೆಗೆ ಕೀಳೂರು. ಅಳಿವೆಯ ಬದಿಗೆ ಕಲ್ಲಿನ ಉದ್ದದ ತಡೆ ಕಟ್ಟಿದ್ದಾರೆ, ಒಳಗೆ ಮೀನುಗಾರಿಕೆ ಬಂದರು, ರಾತ್ರಿ ಹೋದ ದೋಣಿಗಳು ಬರ್ತಾ ಇದ್ವು. ಹರಾಜು ಕೂಗುವ ಸ್ವರ ದೂರಕ್ಕೇ ಕೇಳ್ತದೆ. ಮಲಯಾಳದಲ್ಲಿ ರೇಟು, ತುಳುವಲ್ಲಿ ಜಗಳ, ನಡುವೆ ಒಬ್ಬ ಫೋನಲ್ಲಿ ಬ್ಯಾರಿಯಲ್ಲಿ ಮನೆಗೆ ಎಂತ ತರ್ಬೇಕು ಅಂತ ಕೇಳ್ತಿದ್ದ. ಚಾ ಅಂಗಡಿಯಲ್ಲಿ ಅಕ್ಕ ಕನ್ನಡದಲ್ಲಿ ಕೇಳಿದ್ರು, ಅವನು ಕನ್ನಡದಲ್ಲೇ ಸುಲೈಮಾನಿಯಾ ಹಾಲಿನದ್ದಾ ಅಂತ ಕೇಳ್ದ.

ಆಚೆ ದಡದಲ್ಲಿ ತಳಂಗರೆ ಕಾಣ್ತದೆ. ಈ ಚಂದ್ರಗಿರಿ, ನಮ್ಮ ಕಡೆ ಪಯಸ್ವಿನಿ ಅಂತ ಕರೆಯುವ ಹೊಳೆ, ಕೊಡಗಿನ ಬೆಟ್ಟದಿಂದ ಸುಳ್ಯದ ಮೇಲೆ ಹಾದು 105 ಕಿಲೋಮೀಟರ್ ಹರಿದು ಇಲ್ಲಿ ಕಡಲು ಸೇರುದು. ರಾಜ್ಯಗಳ ಗಡಿ ವಿವಾದ ನೋಡ್ಲಿಕ್ಕೆ ಮಾಡಿದ ಮಹಾಜನ್ ಆಯೋಗ 1967ರಲ್ಲಿ ಇದರ ಉತ್ತರ ಬದಿ ಮೈಸೂರು ರಾಜ್ಯಕ್ಕೆ ಸೇರ್ಬೇಕು ಅಂತ ಬರೆದದ್ದು, ಅದು ಕಾಗದದಲ್ಲೇ ಉಳಿಯಿತು, ನಮ್ಮ ಅಜ್ಜನ ಕಾಲದವರು ಆ ವಿಷಯ ಬಂದ್ರೆ ಊಟ ಅರ್ಧಕ್ಕೆ ಬಿಟ್ಟು ಮಾತಾಡ್ತಿದ್ರು. ಹಾಗೆ ನೋಡಿದ್ರೆ ನಾವು ನಡೆಯಲಿಕ್ಕೆ ಶುರು ಮಾಡಿದ್ದೇ ಆ ಗೆರೆಯ ಆಚೆ ಬದಿಯಿಂದ. ಆದ್ರೆ ಹೊಳೆ ಮೇಲಿನ ಗುಡ್ಡೆಯಲ್ಲಿ ಇರುವ ಚಂದ್ರಗಿರಿ ಕೋಟೆಯೂ ಕೆಳದಿಯವರದ್ದೇ, ನಾವು ಸಂಜೆ ಮುಟ್ಟಬೇಕಾದ ಬೇಕಲವೂ ಕೆಳದಿಯವರದ್ದೇ. ಗೆರೆ ಎಲ್ಲಿ ಎಳೆದ್ರೂ ಆ ಕಲ್ಲು ಅಲ್ಲೇ ಇರ್ತದಲ್ಲ.

ಶುರುವಿನ ಸ್ವಲ್ಪ ದೂರ ಚಂದ ಇಲ್ಲ, ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ಕರಿಕಲ್ಲಿನ ಕಡಲ ಗೋಡೆ, ಒಂದೊಂದು ಕಲ್ಲು ಗ್ರೈಂಡರಿಗಿಂತ ದೊಡ್ಡದು, ಅದರ ಸಂದಿಯಲ್ಲಿ ಪ್ಲಾಸ್ಟಿಕ್ ಬಾಟ್ಲಿ, ಹರಿದ ಬಲೆ, ಥರ್ಮೋಕೋಲ್, ಒಂಟಿ ಚಪ್ಪಲಿಗಳು. ಗೋಡೆ ಕಟ್ಟಿದಲ್ಲಿ ಮನೆಗಳು ಉಳಿದಿವೆ ನಿಜ, ಆದ್ರೆ ಗೋಡೆಗೆ ಬಡಿದ ಅಲೆ ಹಿಂದೆ ಹೋಗುವಾಗ ಎದುರಿನ ಹೊಯಿಗೆಯನ್ನೂ ಎಳಕೊಂಡು ಹೋಗ್ತದೆ, ಹಾಗೆ ಗೋಡೆ ಮುಗಿದ ಜಾಗದಿಂದ ಆಚೆ ದಡ ಇನ್ನೂ ಜೋರಾಗಿ ಕೊರೀತದೆ. ಅದು ಅಲ್ಲಿ ಕಣ್ಣಿಗೇ ಕಾಣ್ತದೆ. ಕೊನೆ ಕಲ್ಲು ಮುಗಿದು ಹತ್ತು ಹೆಜ್ಜೆಗೆ ತೆಂಗಿನ ಮರಗಳು ಬೇರು ಬಿಟ್ಟು ನೇತಾಡ್ತಾ ಇದ್ವು, ಎರಡು ಆಗ್ಲೇ ಅಡ್ಡ ಬಿದ್ದಿದ್ವು. ಅಲ್ಲಿ ಹೊಯಿಗೆ ಮೇಲೆ ಇಳಿದದ್ದು, ಮತ್ತೆ ಚೆಂಬಿರಿಕೆವರೆಗೆ ಎಂತ ತೊಂದ್ರೆಯೂ ಇಲ್ಲ.

ಇಲ್ಲಿಂದ ಮುಂದಿನದ್ದು ನಂಗೆ ಇಡೀ ಟ್ರಿಪ್ಪಲ್ಲೇ ಇಷ್ಟ ಆದ ಭಾಗ. ಕೆಂಪು ಮುರಕಲ್ಲಿನ ಗುಡ್ಡೆ ನೇರ ಕಡಲಿಗೆ ಇಳಿದಿದೆ, ಬುಡದಲ್ಲಿ ಕಪ್ಪು ಬಂಡೆಗಳು, ನೀರು ಇಳಿದದ್ದರಿಂದ ಬಂಡೆ ಬಂಡೆ ನಡುವೆ ಸಣ್ಣ ಸಣ್ಣ ಗುಂಡಿಗಳಲ್ಲಿ ನೀರು ನಿಂತಿತ್ತು. ಮೇಲೆ ಗಾಳಿ ಮರಗಳು. ರಸ್ತೆ ಇಲ್ಲಿಂದ ದೂರ, ಗಾಡಿ ಶಬ್ದ ಇಲ್ಲ, ಆಗೊಮ್ಮೆ ಈಗೊಮ್ಮೆ ರೈಲು ಹೋಗುವ ಸದ್ದು ಮಾತ್ರ ಗುಡ್ಡೆಯ ಆಚೆಯಿಂದ. ಬೇಕಲಕ್ಕೆ ಬರುವ ಬಸ್ಸುಗಟ್ಟಲೆ ಜನರಲ್ಲಿ ಇಲ್ಲಿಗೆ ಬರುವವರು ಎಷ್ಟು ಮಂದಿ ಇರ್ಬೋದು? ನಮಗೆ ಸಿಕ್ಕಿದ್ದು ಗಾಳ ಹಾಕಿ ಕೂತ ಇಬ್ಬರು ಹುಡುಗರು ಮತ್ತೆ ಮೂರು ನಾಯಿ.

ಒಂದು ಬಂಡೆಯ ಬುಡದಲ್ಲಿ ಒಬ್ರು ನಡುವಯಸ್ಸಿನವರು, ಸೊಂಟಕ್ಕೆ ಬಲೆ ಚೀಲ ಕಟ್ಟಿಕೊಂಡು, ಕೈಯಲ್ಲಿ ಚಪ್ಪಟೆ ಕಬ್ಬಿಣದ ಪಟ್ಟಿ ಹಿಡ್ಕೊಂಡು ಕಲ್ಲುಮ್ಮಕಾಯಿ (ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಮೀನು) ಕೀಳ್ತಾ ಇದ್ರು. ಅಲೆ ಬರುವಾಗ ಬಂಡೆಗೆ ಒರಗಿ ನಿಲ್ಲುದು, ಅಲೆ ಹಿಂದೆ ಹೋದ ಎರಡು ಮೂರು ಸೆಕೆಂಡಲ್ಲಿ ಪಟ್ಟಿಯನ್ನು ಸಂದಿಗೆ ಹಾಕಿ ತಿರುಗಿಸುದು, ಒಂದು ಗೊಂಚಲು ಕಿತ್ತು ಬರ್ತದೆ, ಅದನ್ನು ನೋಡದೆಯೇ ಚೀಲಕ್ಕೆ ಹಾಕುದು, ಅಷ್ಟರಲ್ಲಿ ಇನ್ನೊಂದು ಅಲೆ. ಸಣ್ಣದಿದ್ರೆ ಬೆರಳಲ್ಲೇ ಗೊತ್ತಾಗ್ತದೆ, ಅದನ್ನು ಪುನಃ ಕಲ್ಲಿಗೇ ಬಿಸಾಡ್ತಿದ್ರು. ಹತ್ತು ನಿಮಿಷ ನಾವು ಮೂವರೂ ಸುಮ್ಮನೆ ನಿಂತು ನೋಡಿದೆವು. ಅವರು ಒಮ್ಮೆ ತಲೆ ಎತ್ತಿ "ಎಲ್ಲಿಗೆ?" ಅಂತ ಮಲಯಾಳದಲ್ಲಿ ಕೇಳಿದ್ರು. ಬೇಕಲ ಅಂದದ್ದಕ್ಕೆ "ಬಸ್ಸು ಉಂಟಲ್ಲ" ಅಂದ್ರು. ಅಕ್ಕನಿಗೆ ನಗು ತಡೀಲಿಕ್ಕೆ ಆಗ್ಲಿಲ್ಲ. ಅವರೇ ಮತ್ತೆ, ಮುಂದೆ ಸಣ್ಣ ಹೊಳೆಯ ಅಳಿವೆ ಸಿಗ್ತದೆ, ಕಡಲ ಬದಿಯಿಂದ ದಾಟ್ಬೇಡಿ, ನೀರು ಹರಿಯುವ ಜೋರು ಅಲ್ಲಿ ಜಾಸ್ತಿ, ಇಪ್ಪತ್ತು ಮಾರು ಒಳಗೆ ಬಂದ್ರೆ ಹೊಯಿಗೆ ದಿಣ್ಣೆ ಉಂಟು, ಅಲ್ಲಿ ಗಂಟಿನವರೆಗೆ ಮಾತ್ರ ಅಂತ ಕೈ ತೋರಿಸಿ ಹೇಳಿಕೊಟ್ರು. ಹೇಳಿದ ಹಾಗೆಯೇ ಇತ್ತು, ಗಂಟಿನವರೆಗೆ, ತಣ್ಣಗೆ. ಮಳೆಗಾಲದಲ್ಲಿ ಮಾತ್ರ ಈ ದಾರಿ ಯೋಚನೆಯೇ ಮಾಡ್ಬಾರ್ದು, ಅಳಿವೆ ಎಲ್ಲ ಬಾಯಿ ತೆರೆದಿರ್ತದೆ, ಕಡಲು ತೋಟದ ಬುಡಕ್ಕೇ ಬಂದಿರ್ತದೆ.

ಅಳಿವೆ ದಾಟಿ ಆಚೆ ಅಗಲದ ಹೊಯಿಗೆ. ಅಲ್ಲಿ ಸೊಸೆ ಒಂದು ಕಡೆ ಕುಕ್ಕರುಗಾಲಲ್ಲಿ ಕೂತವಳು ಏಳ್ಲಿಕ್ಕೇ ಇಲ್ಲ. ಹತ್ರ ಹೋಗಿ ನೋಡಿದ್ರೆ ಉಗುರಿನಷ್ಟು ದೊಡ್ಡ ಏಡಿಗಳು. ನೀರು ಇಳಿದ ಕೂಡ್ಲೇ ತೂತಿಂದ ಹೊರಗೆ ಬರ್ತವೆ, ಎರಡು ಕೈಯಲ್ಲಿ ಹೊಯಿಗೆ ಬಾಚಿ ಬಾಯಿಗೆ ಹಾಕ್ತವೆ, ಅದರಲ್ಲಿ ತಿನ್ಲಿಕ್ಕೆ ಇದ್ದದ್ದನ್ನು ತಿಂದು ಉಳಿದದ್ದನ್ನು ಗುಂಡು ಮಾಡಿ ಹಿಂದಕ್ಕೆ ದೂಡ್ತವೆ. ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಂಡುಗಳು, ತೂತಿನ ಸುತ್ತ ಸಾಲು ಸಾಲು, ನಡುವೆ ಓಡ್ಲಿಕ್ಕೆ ಒಂದು ದಾರಿ ಮಾತ್ರ ಖಾಲಿ ಬಿಟ್ಟಿರ್ತವೆ. ನೆರಳು ಬಿದ್ದರೆ ಸಾಕು ಆ ದಾರಿಯಲ್ಲಿ ಸೀದ ತೂತಿಗೆ. ನಾವು ಅಲ್ಲಾಡದೆ ಒಂದು ನಿಮಿಷ ಕೂತ್ರೆ ಪುನಃ ಹೊರಗೆ. ಅಕ್ಕ ಹೇಳಿದ್ರು, "ಎಷ್ಟು ಚಂದ ರಂಗೋಲಿ ಹಾಕಿದೆ ನೋಡು, ಕಾಲು ಇಡ್ಲಿಕ್ಕೆ ಮನಸ್ಸೇ ಬರುದಿಲ್ಲ." ಮತ್ತೆ ಎಂತ ಮಾಡುದು, ಕಣ್ಣು ಹಾಯುವವರೆಗೆ ಅದೇ, ನೀರಿನ ಅಂಚಿಗೆ ಇಳಿದು ಹೋದೆವು.

ಒಂದು ಸಣ್ಣ ಉಪದ್ರ ಉಂಟು ಈ ನಡಿಗೆಯಲ್ಲಿ. ಕಡಲ ದಡ ಸಮತಟ್ಟು ಅಲ್ಲ, ನೀರಿನ ಕಡೆಗೆ ಇಳಿಜಾರು. ದಕ್ಷಿಣಕ್ಕೆ ಹೋಗುವಾಗ ಬಲಗಾಲು ಯಾವಾಗ್ಲೂ ಎಡಗಾಲಿಗಿಂತ ಕೆಳಗೆ. ಮೊದಲ ಒಂದು ಗಂಟೆ ಗೊತ್ತಾಗುದಿಲ್ಲ, ಆಮೇಲೆ ಸೊಂಟದ ಒಂದು ಬದಿ ಹಿಡೀಲಿಕ್ಕೆ ಶುರು. ಅದಕ್ಕೆ ಅಕ್ಕ ಕಂಡುಹಿಡಿದ ಉಪಾಯ, ಸ್ವಲ್ಪ ದೂರ ಹಿಂದೆ ಹಿಂದೆ ನಡೆಯುದು. ನೋಡುವವರಿಗೆ ಎಂತ ಅನ್ನಿಸಿರ್ಬೋದು ಗೊತ್ತಿಲ್ಲ, ಆದ್ರೆ ಕೆಲಸ ಮಾಡ್ತದೆ.

ಹತ್ತು ಗಂಟೆ ಹೊತ್ತಿಗೆ ಕಪ್ಪಿಲ್. ನೆರಳು ಮುಗಿದಿತ್ತು, ಜನವರಿ ಆದ್ರೂ ಬಿಸಿಲು ಚುರುಕು, ಟೊಪ್ಪಿ ಇಲ್ಲದೆ ಆಗುದಿಲ್ಲ. ಇಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಹಿನ್ನೀರು, ನಡುವೆ ಹೊಯಿಗೆಯ ಪಟ್ಟಿ. ಕಪ್ಪಿಲಿನ ಕೋಡಿ ಗುಡ್ಡೆ ಹತ್ತಿದ್ರೆ, ಹತ್ತುದು ಅಂತ ಹೇಳ್ಲಿಕ್ಕೂ ಇಲ್ಲ ಐದು ನಿಮಿಷದ್ದು, ಉತ್ತರಕ್ಕೆ ನಾವು ಬಂದ ದಾರಿ ಅಷ್ಟೂ ಕಾಣ್ತದೆ, ದಕ್ಷಿಣಕ್ಕೆ ಬೇಕಲ ಕೋಟೆಯ ಗೋಡೆ ನೀರಿಗೆ ಚಾಚಿದ್ದು ಕಾಣ್ತದೆ. ಅಲ್ಲಿ ಕೂತು ಬುತ್ತಿ ಬಿಚ್ಚಿದ್ದು. ಕುಂಬಳೆಯವರು ಬೆಳಿಗ್ಗೆ ಬಾಳೆಲೆಯಲ್ಲಿ ಕಟ್ಟಿಕೊಟ್ಟ ಬನ್ಸು, ಅದರ ಜೊತೆ ಕಾಯಿ ಚಟ್ನಿ, ಮತ್ತೆ ಕೆಳಗೆ ತೋಟದಲ್ಲಿ ಕಾಯಿ ಕೀಳ್ತಿದ್ದವರ ಹತ್ರ ಕೇಳಿ ತೆಗೊಂಡ ಎಳನೀರಿನ ಬೊಂಡ. ಹಣ ಕೊಡ್ಲಿಕ್ಕೆ ಹೋದ್ರೆ ತೆಗೊಳ್ಲಿಲ್ಲ.

ಅಷ್ಟರಲ್ಲಿ ಭಾವನ ಫೋನ್. ಅವರು ಎಂಟು ಗಂಟೆಗೇ ಬೇಕಲ ಮುಟ್ಟಿ, ಗಾಡಿ ನಿಲ್ಲಿಸಿ, ಉಪ್ಪಿಟ್ಟು ಮಾಡಿ ತಿಂದು, ಒಂದು ನಿದ್ದೆಯೂ ತೆಗೆದು ಆಗಿದೆ. "ಎಲ್ಲಿದ್ದೀರಿ ಇನ್ನೂ? ನಾನು ಇಪ್ಪತ್ತು ನಿಮಿಷದಲ್ಲಿ ಬಂದೆ." ಅಕ್ಕ ಸ್ಪೀಕರಲ್ಲಿ ಹಾಕಿ ಕೇಳಿದ್ರು, "ದಾರಿಯಲ್ಲಿ ಎಂತ ನೋಡಿದ್ರಿ?" ಸ್ವಲ್ಪ ಹೊತ್ತು ಮಾತಿಲ್ಲ, ಮತ್ತೆ "ಒಂದು ಪೆಟ್ರೋಲ್ ಪಂಪು" ಅಂದ್ರು.

ಕೋಟಿಕುಳಂ ದೊಡ್ಡ ಮೀನುಗಾರರ ಊರು. ದಡದ ಉದ್ದಕ್ಕೂ ಫೈಬರ್ ದೋಣಿಗಳು, ನೀಲಿ ಬಲೆಗಳ ರಾಶಿ, ಬಲೆ ಹೊಲಿಯುವವರು ದೋಣಿಯ ನೆರಳಲ್ಲಿ ಕೂತು ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದು ಹಿಡ್ಕೊಂಡು ಹೊಲೀತಿದ್ರು. ಮತ್ತಿ ಮೀನು ಒಣಗಿಸಿದ ವಾಸನೆಗೆ ಸೊಸೆ ಮೂಗು ಮುಚ್ಚಿಕೊಂಡ್ಳು, ಅಕ್ಕ ಅರ್ಧ ಕಿಲೋ ಕಟ್ಟಿಸಿಕೊಂಡ್ರು. ಆ ಪೊಟ್ಟಣ ಮತ್ತೆ ಇಡೀ ದಾರಿ ನನ್ನ ಬ್ಯಾಗಲ್ಲಿ. ಇಲ್ಲಿ ನಡುವೆ ನಡುವೆ ಪುನಃ ಕಡಲ ಗೋಡೆ ಬರ್ತದೆ, ಆಗ ಹಿಂದಿನ ಓಣಿಗೆ ಹತ್ತಿ ಮನೆಗಳ ಎದುರಿಂದ ಹೋಗ್ಬೇಕಾಗ್ತದೆ. ಯಾರೂ ಎಂತ ಹೇಳುದಿಲ್ಲ, ನೀರು ಬೇಕಾ ಅಂತ ಕೇಳ್ತಾರೆ ಅಷ್ಟೆ.

ತೃಕ್ಕನ್ನಾಡಿನ ತ್ರ್ಯಂಬಕೇಶ್ವರ ದೇವಸ್ಥಾನ ಕಡಲಿಗೇ ಮುಖ ಮಾಡಿ ಇರುದು, ಆಟಿ ಅಮಾವಾಸ್ಯೆಗೆ, ಮಲಯಾಳದಲ್ಲಿ ಕರ್ಕಟಕ ವಾವು ಅಂತ ಹೇಳುದು, ಪಿತೃತರ್ಪಣಕ್ಕೆ ಜನ ಸೇರುವ ಜಾಗ. ಎದುರು ನೀರಲ್ಲಿ ಒಂದು ಬಂಡೆ ಉಂಟು, ಪಾಂಡ್ಯನ ಕಲ್ಲು ಅಂತ ಕರೀತಾರೆ. ಪಾಂಡ್ಯ ರಾಜ ಹಡಗಲ್ಲಿ ಬಂದು ದೇವಸ್ಥಾನಕ್ಕೆ ಗುಂಡು ಹೊಡೆದನಂತೆ, ಶಿವ ಕಣ್ಣು ಬಿಟ್ಟದ್ದಕ್ಕೆ ಹಡಗೇ ಕಲ್ಲಾಯ್ತಂತೆ. ಅಲ್ಲಿ ಜಗಲಿಯಲ್ಲಿ ಕೂತಿದ್ದ ಒಬ್ರು ಅಜ್ಜ ನಮಗೆ ಈ ಕಥೆ ಕನ್ನಡದಲ್ಲೇ ಹೇಳಿದ್ರು, ಹೇಳಿ ಮುಗಿಸಿ, "ಈಗ ಪಾಂಡ್ಯ ಬೇಡ, ಕಡಲೇ ಬರ್ತಾ ಉಂಟು" ಅಂದ್ರು. ನಿಜವೇ, ಈ ಭಾಗದಲ್ಲಿ ಕಡಲ್ಕೊರೆತ ಜೋರು, ದೇವಸ್ಥಾನಕ್ಕೂ ಕಡಲಿಗೂ ನಡುವೆ ರಸ್ತೆ ಬಿಟ್ರೆ ಹೆಚ್ಚು ಜಾಗ ಉಳಿದಿಲ್ಲ.

ಅಲ್ಲಿಂದ ಕೋಟೆಗೆ ಹೆಚ್ಚು ದೂರ ಇಲ್ಲ, ಆದ್ರೆ ಬಿಸಿಲಿಗೆ ಅದೇ ಉದ್ದ ಅನ್ನಿಸಿದ್ದು. ಒಂದು ಗಂಟೆ ದಾಟಿತ್ತು ಗಾಡಿ ಹತ್ರ ಮುಟ್ಟುವಾಗ. ಭಾವ ಗಂಜಿ ಮಾಡಿ ಇಟ್ಟಿದ್ರು, ಉಪ್ಪಿನಕಾಯಿ, ಅಕ್ಕ ತಂದ ಮತ್ತಿಯನ್ನು ಅಲ್ಲೇ ಕೆಂಡ ಮಾಡಿ ಸುಟ್ಟು. ಕ್ಯಾರವಾನಿಗೆ ಹಾಕಿದ ಅಷ್ಟೂ ದುಡ್ಡು ಆ ಒಂದು ಊಟಕ್ಕೆ ವಸೂಲಾಯ್ತು ಅಂತ ನಾನು ಹೇಳಿದೆ, ಭಾವನಿಗೆ ಖುಷಿಯಾಯ್ತು.

ಬಿಸಿಲು ಇಳಿದ ಮೇಲೆ ಕೋಟೆ ಒಳಗೆ ಹೋದದ್ದು. 1650ರ ಹೊತ್ತಿಗೆ ಕೆಳದಿ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಹೇಳ್ತಾರೆ, 40 ಎಕರೆ, ಕೇರಳದಲ್ಲೇ ದೊಡ್ಡ ಕೋಟೆ. ಬಾಗಿಲಲ್ಲಿ ಆಂಜನೇಯನ ಗುಡಿ, ಒಳಗೆ ಮೆಟ್ಟಿಲಿನ ಕೆರೆ, ನಡುವೆ ದೊಡ್ಡ ವೀಕ್ಷಣಾ ಬುರುಜು. ಮತ್ತೆ ಹೈದರ್, ಟಿಪ್ಪು, 1799ರ ನಂತರ ಕಂಪೆನಿಯವರು. ನಂಗೆ ಅಲ್ಲಿ ಇಷ್ಟ ಆದದ್ದು ಗೋಡೆಯ ತೂತುಗಳು. ಒಂದೇ ಕಡೆ ಮೂರು ಬಗೆಯಲ್ಲಿ ಓರೆ ಮಾಡಿ ಬಿಟ್ಟಿದ್ದಾರೆ, ಒಂದರಿಂದ ಕಣ್ಣಿಟ್ಟು ನೋಡಿದ್ರೆ ದೂರದ ಕಡಲು, ಇನ್ನೊಂದರಿಂದ ದಡ, ಮತ್ತೊಂದರಿಂದ ಗೋಡೆಯ ಬುಡ. ಶತ್ರು ಹತ್ರ ಬಂದ ಹಾಗೆ ಕೋವಿಯ ತೂತು ಬದಲಾಯಿಸಿದ್ರೆ ಸಾಕು. ದೂರದ್ದರಲ್ಲಿ ನೋಡುವಾಗ ನಾವು ಬೆಳಿಗ್ಗೆ ಬಂದ ದಡ ಪೂರ ಕಂಡಿತು. ಆದ್ರೂ ಹೇಳ್ತೇನೆ, ಸಂಜೆ ಹೊತ್ತಿಗೆ ಕೋಟೆಯಲ್ಲಿ ಕಲ್ಲಿಗಿಂತ ಸೆಲ್ಫಿ ಸ್ಟಿಕ್ ಜಾಸ್ತಿ. ಒಂದೇ ದಿನ ಇರುವವರು ಕೋಟೆಗೆ ಒಂದು ಗಂಟೆ ಕೊಟ್ಟು ಉಳಿದದ್ದನ್ನು ಚೆಂಬಿರಿಕೆ, ಕಪ್ಪಿಲಿಗೆ ಕೊಡಿ.

ಭಾನುವಾರ

ರಾತ್ರಿ ಬೇಕಲದ ಹತ್ರ ಒಬ್ಬರ ತೆಂಗಿನ ತೋಟದಲ್ಲಿ ಗಾಡಿ ನಿಲ್ಲಿಸಿದ್ದು, ಬೆಳಿಗ್ಗೆ ಏಳುವಾಗ ಟ್ಯಾಂಕಿ ಖಾಲಿ. ಕೆಳಗಿನ ಪೈಪಿನ ಜಾಯಿಂಟ್ ಲೀಕ್ ಆಗಿ ರಾತ್ರಿ ಇಡೀ ತೊಟ್ಟಿಕ್ಕಿ ಒಂದು ತೆಂಗಿನ ಬುಡಕ್ಕೆ ಒಳ್ಳೆ ನೀರಾಯ್ತು. ತೋಟದವರ ಬಾವಿಯಿಂದ ಸೇದಿ ಸ್ನಾನ. ಭಾವ ಎಂಸೀಲ್ ಹಚ್ಚಿದ್ರು, ಒಣಗ್ಲಿಕ್ಕೆ ಹೊತ್ತು ಬೇಕು ಅಂತ ಆ ದಿನ ಬಕೆಟಲ್ಲೇ ನಡೆಯಿತು.

ಕಾಲು ಯಾರದ್ದೂ ಸರಿ ಇರ್ಲಿಲ್ಲ, ನಡೆಯುವ ಮಾತೇ ಇಲ್ಲ. ಕಾಞಂಗಾಡು, ನೀಲೇಶ್ವರ ದಾಟಿ ಕೆಳಗೆ ವಲಿಯಪರಂಬದ ಕಡೆ ಹೋದೆವು. ಕಡಲಿಗೂ ಕವ್ವಾಯಿ ಹಿನ್ನೀರಿಗೂ ನಡುವೆ ಉದ್ದಕ್ಕೆ ಮಲಗಿದ ಸಪೂರ ದ್ವೀಪ, 24 ಕಿಲೋಮೀಟರ್ ಉದ್ದ, ಕೆಲವು ಕಡೆ ಒಂದು ಬದಿಯ ನೀರು ನೋಡಿ ತಿರುಗಿದ್ರೆ ಇನ್ನೊಂದು ಬದಿಯ ನೀರು ಕಾಣ್ತದೆ. ಗಾಡಿ ಈಚೆ ಬದಿ ಪಡನ್ನದಲ್ಲಿ ಬಿಟ್ಟು ದೋಣಿಯಲ್ಲಿ ಹೋದದ್ದು.

ನಿನ್ನೆ ಬಂಡೆಯಿಂದ ಕೀಳುದನ್ನು ನೋಡಿದ ಕಲ್ಲುಮ್ಮಕಾಯಿಯನ್ನು ಇಲ್ಲಿ ಬೆಳೆಸ್ತಾರೆ. 90ರ ದಶಕದ ನಡುವಿಗೆ ಸೆಂಟ್ರಲ್ ಮರೈನ್ ಫಿಶರೀಸ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರು ಹೇಳಿಕೊಟ್ಟು ಶುರುವಾದದ್ದು, ಈಗ ಹೆಂಗಸರ ಸಂಘಗಳೇ ಜಾಸ್ತಿ ಮಾಡುದು. ದೋಣಿಯವನು ಒಂದು ಬಿದಿರಿನ ಚಪ್ಪರದ ಹತ್ರ ನಿಲ್ಲಿಸಿ ಒಂದು ಹಗ್ಗ ಎತ್ತಿ ತೋರಿಸ್ದ. ನವೆಂಬರ್ ಡಿಸೆಂಬರಲ್ಲಿ ಮರಿಗಳನ್ನು ಹಗ್ಗದ ಸುತ್ತ ಇಟ್ಟು ಮೇಲಿಂದ ಹತ್ತಿಯ ತೆಳು ಬಟ್ಟೆ ಸುತ್ತಿ ಹೊಲಿದು ನೀರಿಗೆ ಇಳಿಸುದು. ಬಟ್ಟೆ ಕೆಲವು ದಿನದಲ್ಲಿ ಕೊಳೆತು ಹೋಗ್ತದೆ, ಅಷ್ಟರಲ್ಲಿ ಮರಿಗಳು ಅವುಗಳದ್ದೇ ನೂಲು ಬಿಟ್ಟು ಹಗ್ಗಕ್ಕೆ ಅಂಟಿಕೊಂಡಿರ್ತವೆ. ಏಪ್ರಿಲ್ ಮೇ ಹೊತ್ತಿಗೆ, ಮಳೆ ಬಂದು ಹಿನ್ನೀರು ಸಪ್ಪೆ ಆಗುವ ಮೊದಲು ತೆಗೀಬೇಕು, ಉಪ್ಪು ಕಮ್ಮಿ ಆದ್ರೆ ಸಾಯ್ತವೆ. ಅವನು ಎತ್ತಿದ ಹಗ್ಗದಲ್ಲಿ ಬಟ್ಟೆಯ ಒಂದೆರಡು ಚೂರು ಇನ್ನೂ ನೇತಾಡ್ತಿತ್ತು, ಕಾಯಿಗಳು ಹೆಬ್ಬೆರಳಿನ ಅರ್ಧದಷ್ಟು, ಅಂಚಲ್ಲಿ ಹಸಿರು. ಸೊಸೆ ಒಂದನ್ನು ಎಳೆದು ನೋಡಿದ್ಳು, ಬರ್ಲಿಲ್ಲ.

ಮಧ್ಯಾಹ್ನ ಪಡನ್ನದ ಹತ್ರ ಒಂದು ಹೋಟೆಲಲ್ಲಿ ಅದನ್ನೇ ಅಕ್ಕಿ ಹಿಟ್ಟು ತುಂಬಿಸಿ ಬೇಯಿಸಿ ಮಸಾಲೆ ಹಚ್ಚಿ ಕಾಯಿಸಿದ್ದು ತಿಂದೆವು. ಭಾವ ಮೊದಲು ಬೇಡ ಅಂದವರು ಮತ್ತೆ ನನ್ನ ಪ್ಲೇಟಿಂದ ತೆಗೊಂಡ್ರು.

ವಾಪಸ್ ಬರುವಾಗ ಅಕ್ಕ ಮತ್ತೆ ಸೊಸೆ ಮ್ಯಾಪ್ ಬಿಡಿಸಿ ಕೂತಿದ್ರು, ಬೇಕಲದಿಂದ ಕೆಳಗೆ ನೀಲೇಶ್ವರದವರೆಗೆ ನಡೆದ್ರೆ ಹೇಗೆ ಅಂತ. ಆಗುದಿಲ್ಲ ಅಂತ ಏನಿಲ್ಲ, ಆದ್ರೆ ನಡುವೆ ಚಿತ್ತಾರಿ ಹೊಳೆ ಉಂಟು, ಅದು ಗಂಟಿನವರೆಗಿನ ನೀರಲ್ಲ, ದೋಣಿ ಸಿಗ್ತದಾ ಅಂತ ಮೊದಲು ಅಲ್ಲಿಯವರನ್ನು ಕೇಳ್ಬೇಕು, ಇಲ್ಲದಿದ್ರೆ ರಸ್ತೆಗೆ ಹೋಗಿ ಸಂಕ ದಾಟಿ ಪುನಃ ಕಡಲಿಗೆ ಬರ್ಬೇಕು. ಫೆಬ್ರವರಿ ಕಳೆದ್ರೆ ಬಿಸಿಲು ತಡೀಲಿಕ್ಕಾಗುದಿಲ್ಲ, ಹಾಗಾಗಿ ಇದೇ ತಿಂಗಳ ಕೊನೆಗೆ ಮಾಡುವ ಅಂತ ಅಕ್ಕ. ಭಾವ ಸ್ಟೇರಿಂಗ್ ಬಿಡದೆ, "ಮೊದಲು ಟ್ಯಾಂಕಿ ಸರಿ ಆಗ್ಲಿ, ಮತ್ತೆ ನೋಡುವ, ಮತ್ತೆ ಈ ಸಲ ಮೀನು ಕಟ್ಟಿಸುದಾದ್ರೆ ಮುಗಿಯುವಲ್ಲಿ ಕಟ್ಟಿಸಿ" ಅಂದ್ರು. ನನ್ನ ಬ್ಯಾಗಿನ ವಾಸನೆ ಇನ್ನೂ ಹೋಗಿಲ್ಲ, ಎರಡು ಸಲ ಒಗೆದಾಯ್ತು.